ನೀರಿನಲ್ಲಿ ಕರಗದ ಗೊಬ್ಬರ

ನಮ್ಮ ಕಡೆ ಈಗ ಯಾವ ರೈತನ ಮನೆಗೆ ಹೋದರೂ ಅಟ್ಟದ ಮೇಲೋ ಗೋಡೆಯ ಗೂಡಿನಲ್ಲೋ ಒಂದಷ್ಟು ಬಿಳಿ ಬಾಟಲಿಗಳು ಕಾಣುತ್ತವೆ. ಮುಚ್ಚಳ ತೆಗೆದಿರುವುದಿಲ್ಲ. ಮೈಮೇಲೆ ಹಸಿರು ಎಲೆಯ ಚಿತ್ರ, ಎಲೆಯ ಮೇಲೆ ಧೂಳು. ನ್ಯಾನೋ ಯೂರಿಯಾ ಅಂತ ಅದರ ಹೆಸರು. ಒಂದು ಚೀಲ ಯೂರಿಯಾ ಮಾಡುವ ಕೆಲಸವನ್ನು ಈ ಒಂದು ಬಾಟಲಿ ಮಾಡುತ್ತದಂತೆ. ಮಾಡುತ್ತದೋ ಬಿಡುತ್ತದೋ ನನಗೆ ಗೊತ್ತಿಲ್ಲ, ಆದರೆ ಯಾರೂ ಅದನ್ನು ಆಸೆಪಟ್ಟು ತಂದದ್ದನ್ನು ನಾನು ನೋಡಿಲ್ಲ. ಚೀಲ ಕೇಳಿದವರಿಗೆ ಬಾಟಲಿಯನ್ನೂ ಗಂಟು ಹಾಕಿ ಕಳಿಸುತ್ತಾರೆ.

ಆ ವರ್ಷ ಅಕ್ಕನ ಜೊತೆ ಜಮಖಂಡಿಯ ಒಂದು ಗೊಬ್ಬರದ ಅಂಗಡಿಗೆ ನಾನೂ ಹೋಗಿದ್ದೆ. ಅಕ್ಕನನ್ನು ಕೊಟ್ಟದ್ದು ಗಲಗಲಿಗೆ, ನನ್ನನ್ನು ಬನಹಟ್ಟಿಗೆ. ಪವರ್‌ಲೂಮಿನ ಸದ್ದಿನಲ್ಲಿ ಬಾಳುವೆ ಮಾಡಿದವಳು ಮೆಲ್ಲಗೆ ಮಾತಾಡುವುದನ್ನು ಮರೆತುಬಿಡುತ್ತಾಳೆ. ನನ್ನ ಬಾಯಿ ಜೋರು ಅಂತ ಎರಡೂ ಊರಿನವರು ಹೇಳುತ್ತಾರೆ, ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ಅಕ್ಕ ಹಾಗಲ್ಲ. ಅವಳು ಅಂಗಡಿಯವನ ಮುಂದೆ ಸೆರಗು ಸರಿಮಾಡಿಕೊಂಡು, ಸರದಿ ಬರುವವರೆಗೆ ಬಿಸಿಲಲ್ಲಿ ಸುಮ್ಮನೆ ನಿಂತಿದ್ದಳು.

"ಯೂರಿಯಾ ಐತ್ರಿ. ಬಾಟ್ಲಿ ತಗೊಂಡ್ರ ಕೊಡ್ತೀವಿ" ಅಂದ ಅಂಗಡಿಯವ.

"ಬಾಟ್ಲಿ ಬ್ಯಾಡ್ರಿ. ಚೀಲ ಅಷ್ಟ ಕೊಡ್ರಿ" ಅಂದಳು ಅಕ್ಕ.

"ಹಂಗ ಬರೂದಿಲ್ರಿ ಅಕ್ಕಾರ. ಮ್ಯಾಲಿಂದನ ಹಂಗ ಕಳಿಸ್ಯಾರ."

"ಮ್ಯಾಲಿಂದ ಅಂದ್ರ ಎಲ್ಲಿಂದರೀ, ಮುಗಿಲಿನಿಂದ ಏನು?" ಅಂತ ನಾನು ಕೇಳಿದೆ.

ಅವನು ಹಲ್ಲು ಕಿರಿದು ಬಾಟಲಿಗಳನ್ನು ನಮ್ಮ ಕಡೆ ತಳ್ಳಿದ. ಹಿಂದೆ ನಿಂತವರು ಬೇಗ ಮುಗಿಸಿರಿ ಅಂತ ಗೊಣಗತೊಡಗಿದರು. ಅವರೂ ಬಾಟಲಿ ಬೇಡವಾದವರೇ. ಒಬ್ಬರಾದರೂ ನನ್ನ ಪರ ಬಾಯಿಬಿಡಲಿಲ್ಲ. ನಮ್ಮ ರೈತರ ಒಗ್ಗಟ್ಟು ಗೊಬ್ಬರದ ಅಂಗಡಿಯ ಕಟಾಂಜನದ ಕಂಬಿಯವರೆಗೂ ಬರುವುದಿಲ್ಲ. ನಾವು ಚೀಲಗಳನ್ನೂ ಬಾಟಲಿಗಳನ್ನೂ ಟಂಟಂ ಗಾಡಿಯಲ್ಲಿ ಹಾಕಿಸಿಕೊಂಡು ಗಲಗಲಿಗೆ ಹೋದೆವು.

ಬಾಟಲಿಯ ಔಷಧ ಎಲೆಗೆ ಸಿಂಪಡಿಸಬೇಕಾದ್ದು. ಆಳೆತ್ತರ ಮೀರಿ ಬೆಳೆದ ಕಬ್ಬಿನೊಳಗೆ ಪಂಪು ಹೊತ್ತುಕೊಂಡು ಯಾರು ನುಗ್ಗುತ್ತಾರೆ? ಎಲೆಯ ಅಂಚು ಕೆನ್ನೆ ಕೊಯ್ಯುತ್ತದೆ. ಅದಕ್ಕೇ ನಮ್ಮ ಕಡೆಯ ಕೆಲವರು ಅದನ್ನು ಹೊಲಕ್ಕೆ ನೀರು ಹಾಯುವ ಕಾಲುವೆಯಲ್ಲಿ ಸುರಿದರು. ಒಂದು ಕೂದಲನ್ನು ಎಷ್ಟೋ ಸಾವಿರ ಸಲ ಸೀಳಿದಷ್ಟು ಸಣ್ಣ ಕಣವಂತೆ. ಅಷ್ಟು ಕಷ್ಟಪಟ್ಟು ಸೀಳಿದ್ದನ್ನು ಇವರು ಕೃಷ್ಣೆಯ ನೀರಿಗೆ ಕಲಸಿ ಮಣ್ಣಿಗೆ ಕುಡಿಸಿದರು. ಆಮೇಲೆ, ಏನೂ ಉಪಯೋಗ ಇಲ್ಲ ಅಂತ ಕಟ್ಟೆಯ ಮೇಲೆ ಕೂತು ತೀರ್ಪು ಕೊಟ್ಟರು.

ಇಷ್ಟೆಲ್ಲ ಹೊಟ್ಟೆ ಉರಿಸಿಕೊಂಡು ಅಕ್ಕ ಗೊಬ್ಬರ ತಂದದ್ದಕ್ಕೆ ಕಾರಣವಿತ್ತು. ಅವಳ ಗಂಡ ತೀರಿಕೊಂಡ ಮೇಲೆ ಅವನ ಪಾಲಿನ ಹೊಳೆದಂಡೆಯ ತೋಟವನ್ನು ಮೈದುನ ಮಾಡುತ್ತಿದ್ದ. ಮಾಡುತ್ತಿದ್ದ ಅಂದರೆ ತನ್ನ ತೋಟದ ಜೊತೆ ಸೇರಿಸಿಕೊಂಡು ಮಾಡುತ್ತಿದ್ದ. ವರ್ಷಕ್ಕೊಮ್ಮೆ ಜೋಳ, ಗೋದಿ, ಒಂದು ಪೆಂಟೆ ಬೆಲ್ಲ ಅಂತ ಅಕ್ಕನ ಮನೆಗೆ ಏನೋ ಕಳಿಸುತ್ತಿದ್ದ, ಕಳಿಸಿದ್ದನ್ನು ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದ. ಅಕ್ಕನ ಮಗಳು ಮದುವೆಯಾಗಿ ಮುಧೋಳಕ್ಕೆ ಹೋದಳು. ಆಮೇಲೆ ಒಂದು ದಿನ ಅಕ್ಕ, ನನ್ನ ಹೊಲ ನಾನ ಮಾಡ್ತೇನಿ ಅಂದಳು.

ಅಷ್ಟಕ್ಕೇ ಪಡಸಾಲೆಯಲ್ಲಿ ಪಂಚಾಯಿತಿ ಕೂತಿತು. ಮನೆತನಕ್ಕೆ ಹಿರಿಯ ಅಂದರೆ ಅಕ್ಕನ ಮಾವನ ತಮ್ಮ, ಎಲ್ಲರೂ ಕಾಕಾ ಅನ್ನುವವರು. ಎಲೆಯಡಿಕೆ ಹಾಕಿಕೊಂಡು ನಿಧಾನಕ್ಕೆ ಮಾತಾಡುವ ಮನುಷ್ಯ. ನಿಧಾನಕ್ಕೆ ಮಾತಾಡುವುದರಿಂದಲೇ ಅವರಿಗೆ ನ್ಯಾಯವಂತ ಅಂತ ಹೆಸರು ಬಂದಿರಬೇಕು.

"ಒಂದು ವರ್ಷ ಮಾಡಿ ನೋಡ್ಲಿ" ಅಂದರು ಕಾಕಾ. "ಕಬ್ಬು ಛಲೋ ಬಂತು, ಹೊಲ ಆಕಿ ಕೈಯಾಗ ಇರ್ಲಿ. ಬರಲಿಲ್ಲ, ಮೈದುನಗ ಬಿಟ್ಟು ಕೊಡ್ಲಿ. ಮತ್ತ ಆ ಮಾತು ಎತ್ತೂದು ಬ್ಯಾಡ."

ಮೈದುನ ತಲೆ ಅಲ್ಲಾಡಿಸಿದ. ಅಕ್ಕನೂ ಹೂಂ ಅಂದಳು. ಗೋಡೆಗೆ ಒರಗಿ ಕೂತಿದ್ದ ನನಗೆ ಮೈಯೆಲ್ಲ ಉರಿಯಿತು. ಅವಳದೇ ಗಂಡನ ಹೊಲ, ಪಹಣಿ ಉತಾರಿಯಲ್ಲಿ ಅವಳದೇ ಹೆಸರು. ಅದನ್ನು ಮಾಡಲು ಅವಳು ಪರೀಕ್ಷೆಗೆ ಕೂಡಬೇಕಂತೆ! ಬೀಗರ ಮನೆ, ನಾನು ಬಾಯಿ ಹಾಕುವಂತಿರಲಿಲ್ಲ. ನನ್ನ ನಾಲಿಗೆಯನ್ನು ನಾನು ಹಿಡಿದುಕೊಂಡದ್ದು ಬಹಳ ಅಪರೂಪ. ಅವತ್ತು ಹಿಡಿದುಕೊಂಡೆ.

ಅಕ್ಕ ಕಬ್ಬು ನಾಟಿ ಮಾಡಿಸಿದಳು, ಅದು ಚೆನ್ನಾಗಿಯೇ ಹುಟ್ಟಿತು. ಬೇಸಿಗೆಯ ಬಿಸಿಲು ಏರುವ ಹೊತ್ತಿಗೆ ಲೋಕಾಪುರದಲ್ಲಿ ಒಂದು ಗೊಬ್ಬರದ ಕಂಪನಿಯವರು ರೈತರ ಸಭೆ ಮಾಡಿದರು. ನಾವಿಬ್ಬರೂ ಮುಧೋಳದಲ್ಲಿ ಅಕ್ಕನ ಮಗಳ ಮನೆಯಲ್ಲಿದ್ದೆವು. ಕೇಳಿಕೊಂಡು ಬರೂಣು ಬಾ ಅಂತ ಅಕ್ಕ ಎಬ್ಬಿಸಿಕೊಂಡು ಹೋದಳು. ಹೆಂಗಸರಿಗೆ ಹಿಂದಿನ ಕುರ್ಚಿ. ಮೈದುನ ಮೊದಲ ಸಾಲಿನಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಕೂತಿದ್ದ. ಯಾವ ಸಭೆಯಾದರೂ ಅವನು ಮೊದಲ ಸಾಲಿನಲ್ಲೇ. ಅದಕ್ಕೇ ಅವನು ಪ್ರಗತಿಪರ ರೈತ.

ಕಂಪನಿಯ ಅಧಿಕಾರಿ ಮೈಸೂರು ಕಡೆಯವನು, ಕಂಪನಿಯ ಟೋಪಿ ಹಾಕಿದ್ದ. ಅಂಗೈಯಲ್ಲಿ ಹಳದಿ ಬಣ್ಣದ ಕಾಳುಗಳನ್ನು ಹಿಡಿದು ತೋರಿಸಿದ.

"ಇದು ಲೇಪನ ಮಾಡಿರೋ ಯೂರಿಯಾ. ಕಾಳಿನ ಸುತ್ತ ತೆಳ್ಳಗೆ ಒಂದು ಪದರ ಇರುತ್ತೆ. ಮಣ್ಣಿನ ತೇವ ಒಳಗೆ ಹೋಗಿ, ಒಳಗಿರೋ ಗೊಬ್ಬರ ಸ್ವಲ್ಪ ಸ್ವಲ್ಪವೇ ಹೊರಗೆ ಬರುತ್ತೆ. ನೀವು ಮೂರು ಸಲ ಹಾಕೋದನ್ನ ಬುಡಕ್ಕೆ ಮಣ್ಣೆಳೆದು ಬೋದು ಏರಿಸುವಾಗ ಒಂದೇ ಸಲ ಹಾಕಿದ್ರೆ ಸಾಕು."

ಮಾತು ಕೇಳಲು ಚೆನ್ನಾಗಿತ್ತು. ನಾನು ಎದ್ದು ನಿಂತೆ. "ಗೊಬ್ಬರ ಹೊರಗ ಬಂದ ಮ್ಯಾಲ ಆ ತೊಗಲು ಎಲ್ಲಿ ಹೋಗತೈತ್ರಿ?"

"ಅದು ಕಾಲಕ್ರಮೇಣ ಹೋಗುತ್ತೆ ಮೇಡಂ."

"ಎಲ್ಲಿಗೆ?"

ಅವನು ಟೋಪಿ ಸರಿಮಾಡಿಕೊಂಡ. "ಅದರ ಬಗ್ಗೆ ಇನ್ನೂ ಸಂಶೋಧನೆ ನಡೀತಾ ಇದೆ ಮೇಡಂ."

ಮುಂದಿನ ಸಾಲಿನಿಂದ ಮೈದುನ ತಿರುಗಿ ನನ್ನನ್ನು ದುರುಗುಟ್ಟಿ ನೋಡಿದ. ಸಭೆಯ ನಾಷ್ಟಾದ ಶಿರಾ ತಣ್ಣಗಾಗುತ್ತಿದೆ ಅಂತ ಅವನ ಚಿಂತೆ. ಸಭೆ ಮುಗಿದ ಮೇಲೆ, ಪ್ರಯೋಗಕ್ಕೆ ಅಂತ ಕೆಲವರಿಗೆ ಆ ಗೊಬ್ಬರದ ಚೀಲಗಳನ್ನು ಪುಕ್ಕಟೆ ಕೊಟ್ಟರು. ಕಬ್ಬು ಕಡಿಯುವ ಮೊದಲು ಬಂದು ಬೆಳೆ ನೋಡುತ್ತೇವೆ ಅಂದರು. ಪುಕ್ಕಟೆ ಅಂದ ಮೇಲೆ ಮೈದುನನ ಹೆಸರು ಮೊದಲು ಬರದೆ ಇರುತ್ತದೆಯೇ? ಚೀಲಗಳು ಅವನ ಟ್ರ್ಯಾಕ್ಟರ್ ಏರಿದವು.

ಇಲ್ಲಿ ನಮ್ಮ ಭಾಗದ ಒಂದು ಪದ್ಧತಿ ಹೇಳಬೇಕು. ಚೀಲದ ಮೇಲೆ ಏನು ಅಚ್ಚು ಹಾಕಿದ್ದರೂ ನಮ್ಮವರು ನಂಬುವುದಿಲ್ಲ. ಒಂದು ಗಾಜಿನ ಗ್ಲಾಸಿನಲ್ಲಿ ನೀರು ತುಂಬಿ, ಒಂದು ಮುಷ್ಟಿ ಗೊಬ್ಬರ ಹಾಕಿ ಕಲಕುತ್ತಾರೆ. ಒಳ್ಳೆಯ ಯೂರಿಯಾ ಆದರೆ ಪೂರ್ತಿ ಕರಗುತ್ತದೆ, ಗ್ಲಾಸು ಮಣ್ಣಿನ ಗಡಿಗೆಯ ನೀರಿಗಿಂತ ತಣ್ಣಗಾಗುತ್ತದೆ. ಅದನ್ನು ಕೆನ್ನೆಗೆ ಹಚ್ಚಿ ನೋಡಿ ಖರೆ ಮಾಲೋ ಖೊಟ್ಟಿ ಮಾಲೋ ಹೇಳುತ್ತಾರೆ. ಕಲಬೆರಕೆ ಚೀಲಗಳಿಂದ ಪೆಟ್ಟು ತಿಂದವರು ಕಂಡುಕೊಂಡ ದಾರಿ, ಅದರಲ್ಲಿ ತಪ್ಪೇನಿಲ್ಲ. ಗಲಗಲಿಯಲ್ಲಿ ಈ ಪರೀಕ್ಷೆಗೆ ಮೈದುನನೇ ದೊಡ್ಡ ಪಂಡಿತ. ಮಂದಿ ಹೊಸ ಚೀಲ ತಂದರೆ ಅವನ ಕಟ್ಟೆಗೇ ಒಂದು ಮುಷ್ಟಿ ಒಯ್ಯುತ್ತಿದ್ದರು. ಅವನು ಗ್ಲಾಸನ್ನು ಕೆನ್ನೆಗೆ ಹಚ್ಚಿಕೊಂಡು ಕಣ್ಣು ಮುಚ್ಚಿ ಕೂತರೆ ಯಾರೂ ಉಸಿರು ಬಿಡುವಂತಿರಲಿಲ್ಲ.

ಹಳದಿ ಕಾಳುಗಳೂ ಗ್ಲಾಸಿಗೆ ಬಿದ್ದವು. ಕರಗಲಿಲ್ಲ. ಕಲಕಿದ, ಕರಗಲಿಲ್ಲ. ಬಿಸಿನೀರು ತರಿಸಿದ. ಸಾಬೂದಾನಿ ಕಾಳಿನ ಹಾಗೆ ತಳದಲ್ಲಿ ಕೂತವು. ಒಂದು ಕಾಳನ್ನು ಹಲ್ಲಿಗೆ ಹಾಕಿ ಕಚ್ಚಿ ಉಗುಳಿದನಂತೆ. ಕರಗಬಾರದು ಅಂತಲೇ ಅದಕ್ಕೆ ಅಂಗಿ ತೊಡಿಸಿದ್ದಾರೆ ಅಂತ ಲೋಕಾಪುರದಲ್ಲಿ ಹಿಂದಿನ ಕುರ್ಚಿಯ ಹೆಂಗಸರಿಗೂ ತಿಳಿಯುವ ಹಾಗೆ ಹೇಳಿದ್ದರು. ಮೊದಲ ಸಾಲಿನಲ್ಲಿ ಕೂತವನ ತಲೆಗೆ ಹೋಗಿರಲಿಲ್ಲ. ಖೊಟ್ಟಿ ಮಾಲು, ಪ್ಲಾಸ್ಟಿಕ್ ಗುಂಡು ಅಂತ ತೀರ್ಪಾಯಿತು.

ತೀರ್ಪು ಕೊಟ್ಟು ಚೀಲ ಹೊರಗೆ ಚೆಲ್ಲಿದ್ದರೆ ಅವನನ್ನು ಬರೀ ದಡ್ಡ ಅಂತ ಬಿಟ್ಟುಬಿಡುತ್ತಿದ್ದೆ. ಅವನು ಮರುದಿನ ಬೆಳಗ್ಗೆ ಟ್ರ್ಯಾಕ್ಟರ್ ತಗೊಂಡು ಅಕ್ಕನ ಮನೆಗೆ ಬಂದ. ಅಕ್ಕ ನನಗೆ ಫೋನು ಮಾಡಿದಾಗ ಅವನ ಮಾತನ್ನು ಹಾಗೆಹಾಗೇ ಹೇಳಿದಳು.

"ವೈನಿ, ನೀವು ಒಬ್ಬಾಕಿ ಹೆಣಮಗಳು. ಸಲಸಲಕ್ಕ ಗೊಬ್ಬರ ಹಾಕೂದು ನಿಮಗ ತ್ರಾಸ ಆಗತೈತಿ. ಈ ಹೊಸಾ ಗೊಬ್ಬರ ಒಮ್ಮೆ ಹಾಕಿದ್ರ ಆತು, ಇದು ನಿಮಗಿರ್ಲಿ. ನಿಮ್ಮ ಯೂರಿಯಾ ನನಗ ಕೊಡ್ರಿ."

"ಕೊಟ್ಟಿ ಏನ?" ಅಂತ ನಾನು ಕೇಳಿದೆ.

"ಕೊಟ್ಟೆ."

"ಯಾಕ ಕೊಟ್ಟಿ ಬೇ?"

"ಅಂವ ಚೀಲ ಟ್ರ್ಯಾಕ್ಟರಿಗೆ ಏರಿಸಿದ ಮ್ಯಾಲ ಕೇಳಿದ."

ಬಾಟಲಿಗಳನ್ನು ಮಾತ್ರ ಮುಟ್ಟಿರಲಿಲ್ಲ. ಗ್ಲಾಸಿನ ವಿಷಯ ಅಕ್ಕನಿಗೆ ಆ ಸಂಜೆ ಪಕ್ಕದ ಮನೆಯವರಿಂದ ತಿಳಿಯಿತು. ಊರಿಗೆಲ್ಲ ಗೊತ್ತಿತ್ತು. ಅತ್ತಿಗೆಗೆ ಖೊಟ್ಟಿ ಮಾಲು ಹೊರಿಸಿ ಒಳ್ಳೆಯ ಯೂರಿಯಾ ಎತ್ತಿಕೊಂಡು ಹೋದವನನ್ನು ಊರು ಜಾಣ ಅಂದಿತು, ಅಷ್ಟೇ. ನಾನು ಮರುದಿನವೇ ಬಸ್ಸು ಹತ್ತಿದೆ. ಜಮಖಂಡಿ, ಬೀಳಗಿ ಎರಡೂ ಕಡೆ ವಿಚಾರಿಸಿದರೆ ಯೂರಿಯಾ ಖಾಲಿ. ಬಾಟಲಿ ಎಷ್ಟು ಬೇಕಾದರೂ ಇದೆ ಅಂದರು.

ಆಮೇಲೆ ಸಲಹೆಗಳು ಶುರುವಾದವು. ಕಾಳು ಕರಗುವುದಿಲ್ಲ ಅಂದರೆ ಬೀಸಿ ಹಿಟ್ಟು ಮಾಡಿದರೆ ಕರಗುತ್ತದೆ ಅಂತ ಯಾರೋ ಅಂದರು. ಎಲ್ಲರೂ ಹೌದು ಹೌದು ಅಂದರು. ಬೇರೆ ಒಂದಿಬ್ಬರು ಪುಕ್ಕಟೆ ಚೀಲದವರು ಆಗಲೇ ಮನೆಯಲ್ಲಿ ಕುಟ್ಟಿ ಹಾಕಿದ್ದರಂತೆ. ಅಲ್ಲಿ ಬುಡದ ಎಲೆಗಳು ಕೆಂಡ ಸುರಿದ ಹಾಗೆ ಸುಟ್ಟದ್ದು ನಮಗೆ ತಿಳಿದದ್ದು ತಡವಾಗಿ. ಅಕ್ಕ ಒಂದು ಬುಟ್ಟಿ ಕಾಳು ಹೊತ್ತು ಹಿಟ್ಟಿನ ಗಿರಣಿಗೆ ಹೋದಳು, ನಾನು ಹಿಂದೆ. ಗಿರಣಿಯವ ಬುಟ್ಟಿಯೊಳಗೆ ಇಣುಕಿ ನೋಡಿ ಮಷಿನ್ ಬಂದ್ ಮಾಡಿದ.

"ಅಕ್ಕಾರ, ಇದನ್ನ ಬೀಸಿದ ಕಲ್ಲಿನಾಗ ನಾ ಮಂದಿ ಜ್ವಾಳ ಬೀಸ್ಲೇನು? ಊರಿಗೆಲ್ಲ ಪ್ಲಾಸ್ಟಿಕ್ ರೊಟ್ಟಿ ತಿನ್ನಿಸ್ಲೇನು? ನಡೀರಿ ಮನಿಗೆ."

ಮನೆಗೆ ಬಂದು ಒಳ್ಳಿನಲ್ಲಿ ಹಾಕಿ ಒನಕೆಯಿಂದ ಕುಟ್ಟಿದೆವು. ಕಾಳು ಆ ಕಡೆ ಈ ಕಡೆ ಜಾರಿ ಅಡುಗೆಮನೆ ತುಂಬ ಉರುಳಾಡಿದವು. ನನ್ನ ರಟ್ಟೆ ಬಿದ್ದುಹೋಯಿತು. ಕೊನೆಗೆ ಅಕ್ಕ ಒನಕೆ ಮೂಲೆಗೆ ಒಗೆದು, ಕರಗಿದ್ರ ಕರಗಲಿ, ಇಲ್ಲಂದ್ರ ಹೊಲದಾಗ ಬಿದ್ದಿರ್ಲಿ ಅಂದಳು. ಬೋದು ಏರಿಸುವ ದಿನ ಆಳುಗಳನ್ನು ಹಚ್ಚಿ ಕಾಳನ್ನು ಕಾಳಿನ ಹಾಗೆಯೇ ಸಾಲಿಗೆ ಹಾಕಿ ಮಣ್ಣು ಮುಚ್ಚಿಸಿದಳು. ಇದರಲ್ಲಿ ನಮ್ಮ ಜಾಣತನ ಒಂದಿಷ್ಟೂ ಇರಲಿಲ್ಲ. ಗಿರಣಿಯವ ಒಪ್ಪಿದ್ದರೆ ನಾವೂ ಬೀಸಿ ಹಾಕಿ ಬೆಳೆ ಸುಟ್ಟುಕೊಳ್ಳುತ್ತಿದ್ದೆವು.

ಮೈದುನ ಅದೇ ವಾರ ತನ್ನ ಕಬ್ಬಿಗೆ ಯೂರಿಯಾ ಹಾಕಿದ. ಅಕ್ಕನಿಂದ ಒಯ್ದದ್ದನ್ನೂ ಸೇರಿಸಿ ಕೈಬಿಚ್ಚಿ ಹಾಕಿದ. ಹತ್ತೆಂಟು ದಿನದಲ್ಲಿ ಅವನ ಕಬ್ಬು ಕಪ್ಪಗೆ ಹಸಿರಾಗಿ ನಿಂತಿತು. ಬದುವಿನ ಈ ಕಡೆ ಅಕ್ಕನ ಕಬ್ಬು ಕಾಮಣಿ ಹತ್ತಿದವರ ಹಾಗೆ ತಿಳಿ ಹಳದಿ. ದಾರಿಯಲ್ಲಿ ಹೋಗುವವರೆಲ್ಲ ಬೈಕು ನಿಲ್ಲಿಸಿ ನೋಡಿ ಹೋಗುತ್ತಿದ್ದರು. ಮೈದುನ ಕಾಕಾನನ್ನು ಕರೆದುಕೊಂಡು ಬಂದು ಬದುವಿನ ಮೇಲೆ ನಿಲ್ಲಿಸಿದ.

"ವೈನಿಗೆ ಎಷ್ಟು ಹೇಳಿದ್ರೂ ಕೇಳಲಿಲ್ಲ ಕಾಕಾ" ಅಂದ. ಏನು ಹೇಳಿದ್ದನೋ, ಯಾವಾಗ ಹೇಳಿದ್ದನೋ. ಸುಳ್ಳು ಹೇಳುವಾಗ ಅವನ ಮುಖದಲ್ಲಿ ಎಂಥ ದುಃಖ ಇರುತ್ತಿತ್ತು ಅಂದರೆ, ನೋಡಿದವರಿಗೆ ಅವನ ಮೇಲೇ ಕನಿಕರ ಹುಟ್ಟಬೇಕು.

ಕಾಕಾ ಎರಡೂ ಹೊಲ ನೋಡಿ, ಎಲೆಯಡಿಕೆ ಉಗುಳಿ, "ನೋಡೂಣು" ಅಂದರು. ಅವರ ನೋಡೂಣು ಅಂದರೆ ನೋಡಿ ಆಯಿತು ಅಂತಲೇ ಅರ್ಥ.

ಅಕ್ಕ ಆ ದಿನಗಳಲ್ಲಿ ಊಟ ಸರಿಯಾಗಿ ಮಾಡುತ್ತಿರಲಿಲ್ಲ. ಮುಂಜಾನೆ ಎದ್ದು ಹೊಲಕ್ಕೆ ಹೋಗಿ ಕಬ್ಬಿನ ಬುಡದ ಮಣ್ಣು ಕೆದರಿ ಒಂದು ಕಾಳು ತೆಗೆಯುವುದು, ಉಗುರಿನಿಂದ ಒತ್ತುವುದು, ಗಟ್ಟಿ ಇದೆ ಅಂತ ಮತ್ತೆ ಹುಗಿಯುವುದು. ನಾನು ಫೋನಿನಲ್ಲಿ ಕಂಪನಿಯವನನ್ನೂ ಮೈದುನನನ್ನೂ ಆ ಗ್ಲಾಸನ್ನೂ ಸೇರಿಸಿ ಬೈಯುತ್ತಿದ್ದೆ. ಬೈದರೆ ನನಗೆ ಸಮಾಧಾನ, ಅವಳಿಗೇನು? ಹೊಲ ಹೋದರೆ ಅವಳು ಮತ್ತೆ ಮೈದುನ ಕಳಿಸುವ ಜೋಳಕ್ಕೆ ಕಾದು ಕೂಡಬೇಕು.

ಮುಂಗಾರು ಶುರುವಿನ ಮಿರಗದ ಮಳೆ ಆ ಸಲ ಹುಚ್ಚು ಹಿಡಿದ ಹಾಗೆ ಸುರಿಯಿತು. ಸಾಲುಗಳೆಲ್ಲ ತುಂಬಿ, ಬೋದು ಒಡೆದು, ನೀರು ಹೊಳೆಗೆ ಇಳಿಯಿತು. ಮಳೆ ಬಿಟ್ಟ ಮೇಲೆ ನಾನು ಹೋದಾಗ ಅಕ್ಕ ನನ್ನನ್ನು ಚಾ ಕುಡಿಯಲೂ ಬಿಡದೆ ಹೊಲಕ್ಕೆ ಎಳೆದುಕೊಂಡು ಹೋದಳು. ಕೆಸರಲ್ಲಿ ಕುಕ್ಕರಗಾಲಲ್ಲಿ ಕೂತು ಬುಡ ಕೆದರಿ ಒಂದು ಕಾಳು ತೆಗೆದು ನನ್ನ ಅಂಗೈ ಮೇಲೆ ಇಟ್ಟಳು. ಅದು ಉಬ್ಬಿತ್ತು. ಒತ್ತಿದರೆ ಚಿಟ್ಟನೆ ನೀರು ಬಂತು, ಕೈಯಲ್ಲಿ ಬರೀ ಸಿಪ್ಪೆ ಉಳಿಯಿತು.

"ಗೊಬ್ಬರ ಬಿಡಾಕತ್ತೈತಿ ಬೇ" ಅಂದಳು. ಅವಳ ಕಣ್ಣು ತುಂಬಿತ್ತು. ನನಗೂ ತುಂಬಿತು, ಸುಳ್ಳು ಯಾಕೆ ಹೇಳಲಿ. ಆ ಸಿಪ್ಪೆ ಏನಾಗುತ್ತದೆ ಅಂತ ಕೇಳಿದ ನನ್ನ ಪ್ರಶ್ನೆಗೆ ಇವತ್ತಿಗೂ ಯಾರೂ ಉತ್ತರ ಕೊಟ್ಟಿಲ್ಲ, ಸಿಪ್ಪೆಗಳು ಅವಳ ಹೊಲದ ಮಣ್ಣಿನಲ್ಲಿ ಈಗಲೂ ಸಿಗುತ್ತವೆ. ಅವತ್ತು ಮಾತ್ರ ನಾನು ಆ ಮಾತು ಎತ್ತಲಿಲ್ಲ.

ಶ್ರಾವಣದ ಹೊತ್ತಿಗೆ ಬದುವಿನ ಎರಡೂ ಕಡೆ ಬಣ್ಣ ಅದಲುಬದಲಾಯಿತು. ಮೈದುನ ಕೈಬಿಚ್ಚಿ ಹಾಕಿದ್ದ ಯೂರಿಯಾ ಮಳೆನೀರಿನ ಜೊತೆ ಹೊಳೆ ಸೇರಿತ್ತು. ಎರಡನೆಯ ಸಲ ಹಾಕೋಣ ಅಂದರೆ ಅಂಗಡಿಗಳಲ್ಲಿ ಯೂರಿಯಾ ಇಲ್ಲ, ಬಾಟಲಿ ಇದೆ. ಉಪಯೋಗ ಇಲ್ಲ ಅಂತ ಊರೆಲ್ಲ ಆಡಿಕೊಂಡ ಬಾಟಲಿಗೇ ಅವನು ಶರಣಾದ. ಅದೂ ಎಲ್ಲರ ಹಾಗೆ ಅಲ್ಲ, ಡ್ರೋನ್ ತರಿಸಿದ.

ಆ ಸಂಭ್ರಮವನ್ನು ನಾನು ಬದುವಿನ ಈ ಕಡೆ ನಿಂತು ಕಣ್ಣಾರೆ ನೋಡಿದೆ. ಡ್ರೋನಿಗೆ ಅರಿಶಿಣ ಕುಂಕುಮ ಹಚ್ಚಿ, ಹಾರ ಹಾಕಿ, ಕಾಯಿ ಒಡೆದರು. ಹಾರ ತೆಗೆಯದೆ ಹಾರಿಸಬಾರದು ಅಂತ ಡ್ರೋನಿನವನು ಬೇಡಿಕೊಳ್ಳಬೇಕಾಯಿತು. ಗಾಳಿ ಜೋರಾಗಿದೆ, ಮುಂಜಾನೆ ಬರುತ್ತೇನೆ ಅಂತಲೂ ಅಂದ. ಫೋಟೋದವರನ್ನು ಕರೆಸಿ ಆಗಿತ್ತಲ್ಲ, ಮೈದುನ ಕೇಳಲಿಲ್ಲ. ಡ್ರೋನ್ ಎದ್ದಿತು. ಹೊಳೆಯ ಕಡೆಯಿಂದ ಬಂದ ಗಾಳಿ ಆ ಹನಿಗಳನ್ನೆಲ್ಲ ಎತ್ತಿ ತಂದು ನಿಂತವರ ಪಟಗ, ಅಂಗಿ, ಚಾ ಕಪ್ಪುಗಳ ಮೇಲೆ ಸುರಿಯಿತು. ಅಲ್ಲಿ ಯಾರಿಗಾದರೂ ಗೊಬ್ಬರ ಹತ್ತಿದ್ದರೆ ಮನುಷ್ಯರಿಗೇ ಹತ್ತಿರಬೇಕು. ಮರುದಿನ ಪೇಪರಿನಲ್ಲಿ, ಆಧುನಿಕ ತಂತ್ರಜ್ಞಾನ ಅಳವಡಿಸಿಕೊಂಡ ರೈತ ಅಂತ ಮೈದುನನ ಫೋಟೋ ಬಂತು.

ಬನಹಟ್ಟಿಯಲ್ಲಿ ನನ್ನ ಗಂಡ ಆ ಪೇಪರು ತಂದು ತೋರಿಸಿದಾಗ ನಾನು ನಕ್ಕೆ. ಆ ನಗು ಬಹಳ ದಿನ ಉಳಿಯಲಿಲ್ಲ.

ಕಬ್ಬು ಕಡಿಯುವ ಕಾಲ ಬಂತು. ಅಕ್ಕನ ಕಬ್ಬು ಕೈಗೆ ಸಿಗದಷ್ಟು ಎತ್ತರ ಬೆಳೆದು, ದಪ್ಪ ಗೆಣ್ಣು ಬಿಟ್ಟು, ಒಂದಕ್ಕೊಂದು ಆತುಕೊಂಡು ನಿಂತಿತ್ತು. ಕಂಪನಿಯವರು ಬೆಳೆ ನೋಡಲು ಬರುತ್ತಾರೆ ಅಂತ ಸುದ್ದಿ ಬಂತು. ಹಿಂದಿನ ದಿನ ನಾನು ಗಲಗಲಿಗೆ ಹೋದರೆ ಅಕ್ಕನ ಹೊಲದ ಮುಂದೆ ಹೊಸ ಬೋರ್ಡು ನೆಟ್ಟಿದ್ದರು. ಪ್ರಾತ್ಯಕ್ಷಿಕೆ ತಾಕು, ಕೆಳಗೆ ರೈತನ ಹೆಸರು, ಪಕ್ಕದಲ್ಲಿ ಫೋಟೋ. ಹೆಸರೂ ಮೈದುನನದು, ಫೋಟೋನೂ ಮೈದುನನದು. ಚೀಲ ಅವನ ಹೆಸರಿನಲ್ಲಿ ಹೋಗಿದ್ದವಲ್ಲ, ಬೋರ್ಡೂ ಅವನ ಹೆಸರಿನಲ್ಲೇ ಬಂತು. ನೆಡಲು ಮಾತ್ರ ಅವನ ಹೊಲ ನಾಲಾಯಕಾಗಿತ್ತು.

ಅದಕ್ಕಿಂತ ದೊಡ್ಡ ಮಾತನ್ನು ಕಾಕಾ ಅವತ್ತು ಸಂಜೆ ಪಡಸಾಲೆಯಲ್ಲಿ ಕೂತು ಆಡಿದರು.

"ಗೊಬ್ಬರ ಯಾರು ಕೊಟ್ಟದ್ದು? ಮೈದುನ. ಅಂದ ಮ್ಯಾಲ ಬೆಳಿ ಬಂದದ್ದು ಅಂವನಿಂದ ಆತು. ಆಕಿ ಮಾಡಿದ್ದು ಅಂತ ಹೆಂಗ ಹೇಳೂದು? ಹೊಲ ಅಂವನ ಕಡೆ ಇದ್ರ ಎಲ್ಲಾರಿಗೂ ಛಲೋ."

ಎಂಥ ನ್ಯಾಯ! ಕಬ್ಬು ಬಾರದಿದ್ದರೆ ಹೊಲ ಮೈದುನನಿಗೆ. ಬಂದರೂ ಮೈದುನನಿಗೆ. ಅಕ್ಕ ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು. ನಾನು ಅಂದದ್ದನ್ನು ಇಲ್ಲಿ ಬರೆಯಲು ಬರುವುದಿಲ್ಲ. ಕಾಕಾ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಮರುದಿನ ಹೊಲದ ದಂಡೆಗೆ ಶಾಮಿಯಾನಾ ಹಾಕಿದ್ದರು. ಲೋಕಾಪುರದ ಅದೇ ಅಧಿಕಾರಿ, ಅದೇ ಟೋಪಿ. ಊರಿನ ಹಿರಿಯರು, ಅಕ್ಕಪಕ್ಕದ ಹಳ್ಳಿಯ ರೈತರು, ನಡುವೆ ಪಟಗ ಸುತ್ತಿಕೊಂಡ ಕಾಕಾ. ಮೈದುನನಿಗೆ ಶಾಲು ಹೊದಿಸಿ ಹಾರ ಹಾಕಿದರು. ಅಕ್ಕ ಹೆಂಗಸರ ನಡುವೆ ನಿಂತಿದ್ದಳು, ನಾನು ಅವಳ ಪಕ್ಕ. ಅಧಿಕಾರಿ ಮೈಕು ಮೈದುನನ ಬಾಯಿ ಹತ್ತಿರ ಹಿಡಿದ.

"ಸರ್, ಈ ಗೊಬ್ಬರ ಹೇಗೆ ಬಳಸಿದ್ರಿ ಅಂತ ಎಲ್ಲ ರೈತರಿಗೂ ಸ್ವಲ್ಪ ಹೇಳಿ."

ಮೈದುನ ಗಂಟಲು ಸರಿಮಾಡಿಕೊಂಡ. "ಮದಲ ಬ್ಯಾರಲ್‌ದಾಗ ನೀರು ತುಂಬಿಸ್ಕೊಂಡ್ವಿರಿ. ಅದರಾಗ ಗೊಬ್ಬರ ಹಾಕಿ ಕೋಲಿನಿಂದ ತಿರುವಿದ್ವಿ. ಪೂರಾ ಕರಗಿದ ಮ್ಯಾಲ ಬುಡಬುಡಕ್ಕ ಹಾಕಿದ್ವಿ."

ಅಧಿಕಾರಿ ಟೋಪಿ ಹಿಂದಕ್ಕೆ ಸರಿಸಿದ. "ಕರಗ್ತಾ ಸರ್?"

"ಅಗದೀ ಛಲೋ ಕರಗತೈತ್ರಿ. ಒಂದು ಕಾಳು ಉಳಿಯೂದಿಲ್ಲ. ನೀರು ಹಿಂಗ ತಣ್ಣಗ ಆಗತೈತಿ ನೋಡ್ರಿ" ಅಂತ ಅಂಗೈಯನ್ನು ಕೆನ್ನೆಗೆ ಹಚ್ಚಿ ತೋರಿಸಿದ.

ಮೈಕು ಇನ್ನೂ ಅವನ ಬಾಯಿ ಹತ್ತಿರವೇ ಇತ್ತು. ಅಧಿಕಾರಿ ಪಾಪ, ಕೇಡು ಬಗೆಯುವವನಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ. "ಅದು ಹಾಗೆ ಕರಗೋದೇ ಇಲ್ಲ ಸರ್. ಕರಗಬಾರದು ಅಂತಲೇ ಲೇಪನ ಮಾಡಿರೋದು. ನೀವು ಬೇರೆ ಯಾವುದಾದರೂ ಗೊಬ್ಬರ ಹಾಕಿದ್ರಾ?"

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಗ್ಲಾಸಿನ ಕಥೆ ಊರಿಗೆಲ್ಲ ಗೊತ್ತಿದ್ದದ್ದೇ. ಒಬ್ಬರ ನಗು ಇನ್ನೊಬ್ಬರಿಗೆ ಹತ್ತಿತು. ಮೈದುನ ಹಾರದ ಹೂವು ಕೀಳುತ್ತ ನಿಂತ. ಇಷ್ಟು ದಿನ ಅವನನ್ನು ಜಾಣ ಅಂದವರೇ ಈಗ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರ ಮೇಲೂ ನನಗೆ ಗೌರವ ಬರಲಿಲ್ಲ.

"ಹಾಗಾದ್ರೆ ಈ ಹೊಲಕ್ಕೆ ಹಾಕಿದ್ದು ಯಾರು?" ಅಂದ ಅಧಿಕಾರಿ.

"ನಾ ಹಾಕಿದ್ದು" ಅಂದಳು ಅಕ್ಕ. ಮೈಕಿನ ಹತ್ತಿರ ಹೋಗಲಿಲ್ಲ, ನಿಂತಲ್ಲಿಂದಲೇ ಹೇಳಿದಳು. "ಇವರಿಗೆ ಇದು ಖೊಟ್ಟಿ ಅನಿಸ್ತು. ನನಗ ಕೊಟ್ಟು ನನ್ನ ಯೂರಿಯಾ ಒಯ್ದ್ರು. ನಾನೂ ಬೀಸಾಕ ಹೋಗಿದ್ದೆ, ಗಿರಣಿಯಂವ ಬ್ಯಾಡ ಅಂದ. ಹಂಗ ಕಾಳ ಸಾಲಿಗೆ ಹಾಕಿ ಮಣ್ಣು ಮುಚ್ಚಿಸಿದೆ. ನೀರು ಬಿಟ್ಟೆ, ಕಳೆ ತಗಸಿದೆ. ವರ್ಷ ಪೂರ್ತಿ ಇಲ್ಲೇ ಇದ್ದೆ."

ಎಲ್ಲರೂ ಕಾಕಾನ ಮುಖ ನೋಡಿದರು. ಅಷ್ಟು ಮಂದಿಯ ಎದುರು ಹಿಂದಿನ ಸಂಜೆಯ ನ್ಯಾಯವನ್ನು ಮತ್ತೆ ಹೇಳುವುದು ಅವರಿಂದಲೂ ಆಗಲಿಲ್ಲ. ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಹೊರಳಿಸಿದರು.

"ಆತು. ಕಬ್ಬು ಛಲೋ ಬಂದೈತಿ" ಅಂದರು. "ಆಕಿ ಇನ್ನೊಂದು ವರ್ಷ ಮಾಡಿ ನೋಡ್ಲಿ."

ನಾನು ಬಾಯಿ ತೆಗೆದೆ. ಅಕ್ಕ ನನ್ನ ಕೈ ಹಿಡಿದು ಅದುಮಿದಳು.

"ಕಾಕಾರ, ಇಂವಗ ಎಷ್ಟು ವರ್ಷ ಕೊಟ್ಟಿದ್ರಿ, ಮಾಡಿ ನೋಡಾಕ?"

ಮೈದುನನ ಹೊಲದಲ್ಲಿ ಬೆಳೆ ಕೆಟ್ಟ ವರ್ಷ ಯಾರೂ ಪಡಸಾಲೆಯಲ್ಲಿ ಕೂತಿರಲಿಲ್ಲ.

ಅಕ್ಕ ನನ್ನ ಕೈ ಬಿಟ್ಟು ಮಂದಿಯ ನಡುವೆ ದಾರಿ ಮಾಡಿಕೊಂಡು ಮೈದುನನ ಮುಂದೆ ಹೋಗಿ ನಿಂತಳು. ಹೊಳೆದಂಡೆಯಲ್ಲಿ ಅವಳ ಗಂಡ ಕೂಡಿಸಿದ ಮೋಟಾರು ಇದೆ. ಅದರ ಪೆಟ್ಟಿಗೆಯ ಕೀಲಿಕೈ ಅವನು ಸತ್ತ ದಿನದಿಂದ ಮೈದುನನ ಹತ್ತಿರ. ಆ ವರ್ಷ ನೀರು ಬಿಡಬೇಕಾದಾಗಲೆಲ್ಲ ಅಕ್ಕ ಅವನ ಅಂಗಳದಲ್ಲಿ ನಿಂತು ಕೇಳಿ ಒಯ್ಯಬೇಕಿತ್ತು, ಮತ್ತೆ ತಂದು ಒಪ್ಪಿಸಬೇಕಿತ್ತು. ಕೆಲವು ಸಲ ಅವನು ಮಲಗಿರುತ್ತಿದ್ದ, ಎದ್ದ ಮೇಲೆ ಬಾ ಅಂತ ಮನೆಯವರು ಅನ್ನುತ್ತಿದ್ದರು. ಇದನ್ನು ಅವಳು ನನಗೂ ಹೇಳಿರಲಿಲ್ಲ. ಅವತ್ತು ಅವಳು ಕೈ ಚಾಚಿದಾಗಲೇ ನನಗೆ ತಿಳಿದದ್ದು.

"ಮೋಟಾರಿನ ಕೀಲಿಕೈ ಕೊಡು, ತಮ್ಮಾ."

"ನಾಳೆ ಮನಿಗೆ ಕಳಿಸ್ತೇನಿ ವೈನಿ."

"ಈಗ ಕೊಡು."

ಅವನು ಕಾಕಾನ ಕಡೆ ನೋಡಿದ. ಕಾಕಾ ಕಬ್ಬಿನ ಕಡೆ ನೋಡುತ್ತಿದ್ದರು. ಅವನು ಶಾಲಿನ ಒಳಗಿಂದ ಕೀಲಿಕೈಗಳ ಗೊಂಚಲು ತೆಗೆದ. ಮೋಟಾರಿನ ಕೀಲಿಕೈ ಎಷ್ಟೋ ವರ್ಷದಿಂದ ಅದೇ ಗೊಂಚಲಿನ ಬಳೆಯಲ್ಲಿದ್ದದ್ದು, ತುಕ್ಕು ಹಿಡಿದು ಕೂತಿತ್ತು. ಉಗುರು ಹಾಕಿ ಎಳೆದ, ಹಲ್ಲಿನಿಂದ ಎಳೆದ, ಬರಲಿಲ್ಲ. ಅಷ್ಟೂ ಮಂದಿ ನೋಡುತ್ತಿದ್ದರು. ಅಕ್ಕ ಚಾಚಿದ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ.

"ಸಾವಕಾಶ ಬಿಡಿಸು" ಅಂದಳು. "ನಾ ನಿಂತಿರತೇನಿ."